ಮನೆಯ ಪಾಠ: ಮುಕ್ಕಾಲಿನಲ್ಲಿ ಅರ್ಧವೆಷ್ಟು?

ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾವು, ಈ ಸಲ ಎಷ್ಟೋ ಮನೆಗಳಲ್ಲಿ ಸಂಜೆಯ ಶಾಂತಿಯನ್ನು ಕೆಡಿಸುವ ಒಂದು ಪಾಠವನ್ನು ಕೈಗೆತ್ತಿಕೊಂಡಿದ್ದೇವೆ. ಅದೇ ಭಿನ್ನರಾಶಿಗಳ ಗುಣಾಕಾರ. ಏಳನೆಯ ತರಗತಿಯ ಹೊತ್ತಿಗೆ ಇದು ಮಕ್ಕಳಿಗೆ ಬಂದೊದಗುತ್ತದೆ. ಮಗುವು ಪುಸ್ತಕವನ್ನು ಹಿಡಿದು ತಂದೆಯ ಬಳಿಗೆ ಬರುತ್ತದೆ. ತಂದೆಯು ಒಮ್ಮೆ ಕಣ್ಣಾಡಿಸಿ, "ಇದರಲ್ಲಿ ಕಷ್ಟವೇನು? ಮೇಲಿನದನ್ನು ಮೇಲಿನದರಿಂದ ಗುಣಿಸು, ಕೆಳಗಿನದನ್ನು ಕೆಳಗಿನದರಿಂದ ಗುಣಿಸು, ಮುಗಿಯಿತು" ಎಂದು ಹೇಳಿ ತನ್ನ ಕೆಲಸಕ್ಕೆ ತಿರುಗುತ್ತಾನೆ. ಆತನು ಹೇಳಿದ ಮಾತಿನಲ್ಲಿ ತಪ್ಪಿಲ್ಲ. ಆದರೆ ಅಷ್ಟಕ್ಕೇ ಪಾಠವು ಮುಗಿಯಿತೆಂದು ಭಾವಿಸಿದರೆ ಅದು ದೊಡ್ಡ ತಪ್ಪು. ಹೀಗೆಂದು ನಾವು ಬೇರೆಯವರನ್ನು ದೂಷಿಸುತ್ತಿಲ್ಲ. ಆ ತಪ್ಪನ್ನು ಮಾಡಿದವರಲ್ಲಿ ನಾವೂ ಒಬ್ಬರು.

ದಸರೆಯ ರಜೆಯಲ್ಲಿ ನಮ್ಮ ತಮ್ಮನ ಮಗಳು ನಮ್ಮ ಮನೆಯಲ್ಲಿದ್ದಳು. ಒಂದು ದಿನ ಆಕೆ ತಾನು ಮಾಡಿದ ಲೆಕ್ಕವನ್ನು ತಂದು ತೋರಿಸಿದಳು. ಎರಡೂವರೆಯನ್ನು ಮೂರೂವರೆಯಿಂದ ಗುಣಿಸಬೇಕಾಗಿತ್ತು. ಆಕೆ ಎರಡನ್ನು ಮೂರರಿಂದ ಗುಣಿಸಿ ಆರೆಂದೂ, ಅರ್ಧವನ್ನು ಅರ್ಧದಿಂದ ಗುಣಿಸಿ ಕಾಲೆಂದೂ ತೆಗೆದು, ಎರಡನ್ನೂ ಸೇರಿಸಿ ಆರೂಕಾಲು ಎಂದು ಬರೆದಿದ್ದಳು. ನಾವು ಹಿಂದುಮುಂದು ನೋಡದೆ, "ಏಳನೆಯ ತರಗತಿಗೆ ಬಂದರೂ ಇಷ್ಟು ತಿಳಿಯದೆ?" ಎಂದುಬಿಟ್ಟೆವು. ಹುಡುಗಿ ಮಾತನಾಡಲಿಲ್ಲ. ಪುಸ್ತಕವನ್ನು ಮುಚ್ಚಿಟ್ಟಳು. ಮೂರು ದಿನ ಅದನ್ನು ತೆರೆಯಲಿಲ್ಲ. ಮುಚ್ಚಿದ್ದು ಪುಸ್ತಕ ಮಾತ್ರವಲ್ಲವೆಂಬುದು ಆಕೆಯ ಮುಖವನ್ನು ನೋಡಿದ ಮೇಲೆ ನಮಗೆ ತಿಳಿಯಿತು. ಲೆಕ್ಕವು ತನಗೆ ಬಾರದೆಂದು ಹನ್ನೆರಡು ವರ್ಷದ ಮಗುವು ಒಮ್ಮೆ ನಿಶ್ಚಯಿಸಿಕೊಂಡರೆ, ಆ ನಿಶ್ಚಯವನ್ನು ಕದಲಿಸುವುದು ಎಷ್ಟು ಕಷ್ಟವೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಕೆಡಿಸಿದ್ದನ್ನು ಸರಿಪಡಿಸಿದವರು ನಮ್ಮ ತಾಯಿಯವರು. ಹಬ್ಬಕ್ಕೆ ಚಕ್ಕುಲಿ ಮಾಡಬೇಕಾಗಿತ್ತು. ಪ್ರತಿವರ್ಷವೂ ಮುಕ್ಕಾಲು ಸೇರು ಅಕ್ಕಿಯನ್ನು ಹಾಕುವ ವಾಡಿಕೆ. ಈ ವರ್ಷ ತಿನ್ನುವವರು ಕಡಿಮೆ. ನಮ್ಮ ಮನೆಯಲ್ಲಿ ಹಳೆಯ ಹಿತ್ತಾಳೆಯ ಪಾವು, ಅರೆಪಾವುಗಳು ಇನ್ನೂ ಉಳಿದಿವೆ. ಅವರು ಮೊಮ್ಮಗಳನ್ನು ಕರೆದು, "ಮುಕ್ಕಾಲು ಸೇರಿನಲ್ಲಿ ಅರ್ಧ ಅಳೆದು ಕೊಡು, ಮಗು" ಎಂದರು. ಸೇರಿಗೆ ನಾಲ್ಕು ಪಾವು. ಮುಕ್ಕಾಲು ಸೇರೆಂದರೆ ಮೂರು ಪಾವು. ಅದರಲ್ಲಿ ಅರ್ಧವೆಂದರೆ ಒಂದೂವರೆ ಪಾವು. ಹುಡುಗಿ ಸ್ವಲ್ಪ ಯೋಚಿಸಿ ಅರೆಪಾವನ್ನು ತೆಗೆದುಕೊಂಡು ಮೂರು ಸಲ ಅಳೆದಳು. "ಸೇರಿಗೆ ಎಷ್ಟು ಅರೆಪಾವು?" ಎಂದು ಅಜ್ಜಿ ಕೇಳಿದರು. "ಎಂಟು." "ನೀನು ಹಾಕಿದ್ದು?" "ಮೂರು." ಹಾಗೆಂದವಳೇ ಆಕೆ ಅಡಿಗೆಮನೆಯಿಂದ ಓಡಿಬಂದು, "ದೊಡ್ಡಪ್ಪ, ಮುಕ್ಕಾಲನ್ನು ಅರ್ಧದಿಂದ ಗುಣಿಸಿದರೆ ಎಂಟರಲ್ಲಿ ಮೂರು ಪಾಲು! ಗುಣಿಸಿದರೂ ಕಡಿಮೆಯಾಯಿತಲ್ಲ!" ಎಂದಳು.

ಈ ಕೊನೆಯ ಮಾತಿನಲ್ಲಿಯೇ ಇಡೀ ವಿಷಯದ ಬೀಜವಿದೆ. ಮಗ್ಗಿಯನ್ನು ಕಲಿತ ದಿನದಿಂದಲೂ ಗುಣಾಕಾರವೆಂದರೆ ಹೆಚ್ಚಾಗುವುದೆಂದೇ ಮಕ್ಕಳ ಭಾವನೆ. ಮೂರನ್ನು ಎರಡು ಸಲ ತೆಗೆದುಕೊಂಡರೆ ಆರಾಗುತ್ತದೆ. ಆದರೆ ಮೂರನ್ನು "ಅರ್ಧ ಸಲ" ತೆಗೆದುಕೊಳ್ಳುವುದೆಂದರೇನು? ಈ ಮಾತು ಮಗುವಿಗೆ ಅರ್ಥವಾಗುವುದಿಲ್ಲ. ಯಥಾರ್ಥವಾಗಿ ಅದು ಕನ್ನಡದ ಮಾತೇ ಅಲ್ಲ. "ಮೂರರಲ್ಲಿ ಅರ್ಧ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದಕಾರಣ ಭಿನ್ನರಾಶಿಯಿಂದ ಗುಣಿಸುವುದೆಂದರೆ ಒಂದು ಪಾಲಿನಲ್ಲಿ ಮತ್ತೊಂದು ಪಾಲನ್ನು ತೆಗೆಯುವುದು ಎಂಬುದನ್ನು ಮೊದಲು ಕೈಯಿಂದ ಮಾಡಿಸಿ, ಬಾಯಿಂದ ಹೇಳಿಸಿ, ಆಮೇಲೆ ಸೂತ್ರವನ್ನು ಕೊಡತಕ್ಕದ್ದು. ಒಂದಕ್ಕಿಂತ ಕಡಿಮೆಯಾದುದರಿಂದ ಗುಣಿಸಿದರೆ ಮೊದಲಿದ್ದುದಕ್ಕಿಂತ ಕಡಿಮೆ ಬರುತ್ತದೆ. ಒಂದಕ್ಕಿಂತ ಹೆಚ್ಚಾದುದರಿಂದ ಗುಣಿಸಿದರೆ ಹೆಚ್ಚು ಬರುತ್ತದೆ. ಇದು ಮನಸ್ಸಿನಲ್ಲಿ ನಿಂತರೆ ಅರ್ಧ ಪಾಠವು ಬಂದಂತೆಯೇ.

ನಮ್ಮ ಹಿರಿಯರಿಗೆ ಇದು ತೊಡಕಾಗದಿದ್ದುದಕ್ಕೆ ಕಾರಣವಿದೆ. ಕನ್ನಡದ ಅಳತೆಯ ಶಬ್ದಗಳಲ್ಲಿಯೇ ಗುಣಾಕಾರವು ಅಡಗಿದೆ. ಮುಕ್ಕಾಲೆಂದರೆ ಮೂರು ಕಾಲು. ಅರೆಕಾಲೆಂದರೆ ಕಾಲಿನಲ್ಲಿ ಅರ್ಧ, ಎಂದರೆ ೧/೮. ಕಾಲಿನಲ್ಲಿ ಕಾಲು ತೆಗೆದರೆ ೧/೧೬, ಅದಕ್ಕೆ ವೀಸವೆಂಬ ಹೆಸರು. ಕೂಲಿಮಠಗಳಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ೧೯೫೭ರಲ್ಲಿ ದಶಮಾಂಶ ನಾಣ್ಯಗಳು ಬರುವವರೆಗೂ ರೂಪಾಯಿಗೆ ಹದಿನಾರು ಆಣೆಗಳಿದ್ದುವು. ಪಾವಲಿಯಲ್ಲಿ ಅರ್ಧವು ಎರಡಾಣೆ, ಎರಡಾಣೆಯು ರೂಪಾಯಿನಲ್ಲಿ ಎಂಟನೆಯ ಒಂದು ಪಾಲು ಎಂಬುದನ್ನು ಅಂಗಡಿಗೆ ಹೋಗುವ ಹುಡುಗನೂ ಬಲ್ಲವನಾಗಿದ್ದನು. ಈಗ ಪೈಸೆ, ಗ್ರಾಂ, ಮಿಲಿಲೀಟರುಗಳಲ್ಲಿ ವ್ಯವಹಾರವು ಸುಲಭವಾಗಿದೆ, ಅದು ಒಳ್ಳೆಯದೇ. ಆದರೆ ಪಾಲಿನಲ್ಲಿ ಪಾಲು ತೆಗೆಯುವ ಅಭ್ಯಾಸವು ಮನೆಯಿಂದ ಹೊರಟುಹೋಗಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅದನ್ನು ನಾವು ಬೇಕೆಂದೇ ಮನೆಗೆ ಮರಳಿ ಕರೆತರಬೇಕಾಗಿದೆ.

ಹಿತ್ತಾಳೆಯ ಪಾವು ಇಲ್ಲದ ಮನೆಯಲ್ಲಿ ಒಂದು ಹಾಳೆ ಕಾಗದವು ಸಾಕು. ಐದರಲ್ಲಿ ನಾಲ್ಕು ಪಾಲನ್ನು ಮೂರರಲ್ಲಿ ಎರಡು ಪಾಲಿನಿಂದ ಗುಣಿಸಬೇಕೆಂದಿಟ್ಟುಕೊಳ್ಳಿರಿ. ಕಾಗದವನ್ನು ಉದ್ದುದ್ದವಾಗಿ ಐದು ಸಮಪಾಲು ಮಾಡಿ ನಾಲ್ಕಕ್ಕೆ ನಸುವಾಗಿ ಬಣ್ಣ ಹಚ್ಚಿಸಿರಿ. ಅನಂತರ ಅದನ್ನೇ ಅಡ್ಡಡ್ಡಲಾಗಿ ಮೂರು ಸಮಪಾಲು ಮಾಡಿ, ಎರಡು ಪಾಲಿಗೆ ಗೆರೆಗಳನ್ನೆಳೆಯಿಸಿರಿ. ಈಗ ಕಾಗದದಲ್ಲಿ ಎಷ್ಟು ಮನೆಗಳಾದುವು? ಐದು ಮೂರು ಹದಿನೈದು. ಬಣ್ಣವೂ ಗೆರೆಯೂ ಎರಡೂ ಇರುವ ಮನೆಗಳೆಷ್ಟು? ನಾಲ್ಕೆರಡು ಎಂಟು. ಉತ್ತರವು ೮/೧೫. ಛೇದಗಳನ್ನು ಏಕೆ ಗುಣಿಸಬೇಕು, ಅಂಶಗಳನ್ನು ಏಕೆ ಗುಣಿಸಬೇಕು ಎಂಬುದನ್ನು ಕಾಗದವೇ ಹೇಳಿತು. ಸೂತ್ರವನ್ನು ನೀವು ಹೇಳುವುದಕ್ಕೆ ಮುಂಚೆ ಮಗುವೇ ಅದನ್ನು ಹೇಳಿಬಿಡುವ ಸಂಭವವುಂಟು. ಹಾಗಾದರೆ ಸುಮ್ಮನಿದ್ದು ಹೇಳಗೊಡಿರಿ. ತಾನೇ ಕಂಡುಕೊಂಡ ಸೂತ್ರವನ್ನು ಮಗು ಸುಲಭವಾಗಿ ಮರೆಯುವುದಿಲ್ಲ.

ಇನ್ನು ಮಿಶ್ರ ಭಿನ್ನರಾಶಿಗಳ ಮಾತು. ನಮ್ಮ ತಮ್ಮನ ಮಗಳ ಆರೂಕಾಲನ್ನು ಮತ್ತೆ ಕೈಗೆತ್ತಿಕೊಳ್ಳೋಣ. ಈ ಸಲ ನಾವು ಗದರಿಸದೆ, ಎರಡೂವರೆ ಮೀಟರು ಅಗಲ, ಮೂರೂವರೆ ಮೀಟರು ಉದ್ದದ ಒಂದು ಕೋಣೆಯ ಚಿತ್ರವನ್ನು ಬರೆದು, "ಇದಕ್ಕೆ ನೆಲಗಟ್ಟು ಹಾಕಿಸಬೇಕು, ಎಷ್ಟು ಚದರ ಮೀಟರು ಕಲ್ಲು ಬೇಕು?" ಎಂದು ಕೇಳಿದೆವು. ಆಕೆ ಗೆರೆಗಳನ್ನೆಳೆದಳು. ಒಂದೊಂದು ಮೀಟರಿನ ಪೂರ್ಣ ಚೌಕಗಳು ಆರು ಬಂದುವು. ಉದ್ದದ ಒಂದು ಅಂಚಿನಲ್ಲಿ ಮೂರು ಅರ್ಧ ಚೌಕಗಳು, ಎಂದರೆ ಒಂದೂವರೆ. ಅಗಲದ ಅಂಚಿನಲ್ಲಿ ಎರಡು ಅರ್ಧ ಚೌಕಗಳು, ಎಂದರೆ ಒಂದು. ಮೂಲೆಯಲ್ಲಿ ಅರ್ಧದಲ್ಲಿ ಅರ್ಧದಷ್ಟಿರುವ ಒಂದು ಸಣ್ಣ ತುಂಡು, ಎಂದರೆ ಕಾಲು. ಎಲ್ಲವನ್ನೂ ಕೂಡಿದರೆ ಎಂಟೂಮುಕ್ಕಾಲು. ಆಕೆ ತನ್ನ ಹಳೆಯ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಿ, "ಎರಡು ಅಂಚುಗಳನ್ನು ಬಿಟ್ಟುಬಿಟ್ಟಿದ್ದೆ" ಎಂದಳು. ಹೌದು, ಆಕೆಯ ಲೆಕ್ಕದಂತೆ ಕಲ್ಲು ತರಿಸಿದ್ದರೆ ಎರಡೂವರೆ ಚದರ ಮೀಟರು ನೆಲವು ಬರಿದಾಗಿಯೇ ಉಳಿಯುತ್ತಿತ್ತು.

ಇಲ್ಲಿ ವಾಚಕರು ಒಂದನ್ನು ಗಮನಿಸಬೇಕು. ಹುಡುಗಿಯು ಬರೆದುದೆಲ್ಲವೂ ತಪ್ಪಲ್ಲ. ಆರೂ ಸರಿ, ಕಾಲೂ ಸರಿ. ನಾಲ್ಕು ತುಂಡುಗಳಲ್ಲಿ ಎರಡನ್ನು ಆಕೆ ಸರಿಯಾಗಿಯೇ ಕಂಡುಹಿಡಿದಿದ್ದಳು. ಕೂಡುವಾಗ ಪೂರ್ಣಾಂಕವನ್ನು ಪೂರ್ಣಾಂಕದೊಡನೆಯೂ ಭಿನ್ನವನ್ನು ಭಿನ್ನದೊಡನೆಯೂ ಸೇರಿಸುವುದು ಸರಿಯಾದ ಕ್ರಮ. ಅದೇ ಕ್ರಮವನ್ನು ಆಕೆ ಗುಣಾಕಾರಕ್ಕೂ ತಂದಿದ್ದಳು. ಮಕ್ಕಳ ತಪ್ಪಿನ ಹಿಂದೆ ಬಹುಮಟ್ಟಿಗೆ ಇಂತಹ ಒಂದು ಯುಕ್ತಿಯಿರುತ್ತದೆ. ಆ ಯುಕ್ತಿಯನ್ನು ಹುಡುಕದೆ ಉತ್ತರದ ಮೇಲೆ ಅಡ್ಡಗೆರೆ ಎಳೆಯುವವನು ಮಗುವಿಗೆ ಏನನ್ನೂ ಕಲಿಸಲಾರನು.

ಕೋಣೆಯ ಚಿತ್ರವು ತಿಳಿದ ಮೇಲೆ ಸಂಕ್ಷೇಪ ಮಾರ್ಗವನ್ನು ಹೇಳಬಹುದು. ಎರಡೂವರೆಯಲ್ಲಿ ಐದು ಅರ್ಧಗಳಿವೆ: ೫/೨. ಮೂರೂವರೆಯಲ್ಲಿ ಏಳು ಅರ್ಧಗಳಿವೆ: ೭/೨. ಹೀಗೆ ಮಿಶ್ರವನ್ನು ವಿಷಮ ಭಿನ್ನರಾಶಿಯಾಗಿ ಮಾಡಿಕೊಂಡು ಗುಣಿಸಿದರೆ ೩೫/೪, ಎಂದರೆ ಎಂಟೂಮುಕ್ಕಾಲು. ನಾಲ್ಕು ತುಂಡುಗಳನ್ನು ಬೇರೆಬೇರೆಯಾಗಿ ಎಣಿಸುವ ಶ್ರಮವು ತಪ್ಪಿತು. ಯಾವ ತುಂಡೂ ಬಿಟ್ಟುಹೋಗುವ ಭಯವಿಲ್ಲ. ಬರೆಯುವುದಕ್ಕೆ ಮೊದಲು ಉತ್ತರವು ಸುಮಾರು ಎಷ್ಟಿರಬೇಕೆಂದು ಊಹಿಸುವ ಪದ್ಧತಿಯನ್ನೂ ಹಾಕಿಕೊಡಬೇಕು. ಎರಡೂವರೆಯನ್ನು ಮೂರು ಸಲ ಇಟ್ಟರೆ ಏಳೂವರೆಯಾಯಿತು; ಮೂರೂವರೆಗೆ ಅದಕ್ಕಿಂತ ಹೆಚ್ಚೇ ಬರಬೇಕಲ್ಲವೆ? ಹೀಗೆ ಕೇಳಿಕೊಳ್ಳುವ ಮಗುವು ಆರೂಕಾಲೆಂದು ಎಂದಿಗೂ ಬರೆಯಲಾರದು.

ಮತ್ತೊಂದು ಮಾತು. ಕೂಡುವಾಗ ಸಮಾನ ಛೇದವನ್ನು ಮಾಡಿಕೊಂಡ ರೂಢಿಯಿಂದ ಕೆಲವು ಮಕ್ಕಳು ಗುಣಿಸುವಾಗಲೂ ಹಾಗೆಯೇ ಮಾಡಿ ದೊಡ್ಡ ದೊಡ್ಡ ಸಂಖ್ಯೆಗಳಲ್ಲಿ ಸಿಕ್ಕಿಬೀಳುತ್ತಾರೆ. ಗುಣಾಕಾರಕ್ಕೆ ಅದು ಬೇಡ. ಇಲ್ಲಿ ಬೇಕಾದುದು ಗುಣಿಸುವ ಮುನ್ನ ಸಂಕ್ಷೇಪಿಸುವ ಜಾಣತನ. ಇದನ್ನು ನಮ್ಮ ನಾಡು ಬಹು ಹಿಂದೆಯೇ ಅರಿತಿತ್ತು. ಕ್ರಿ. ಶ. ೮೫೦ರ ಸುಮಾರಿನಲ್ಲಿ, ಮಾನ್ಯಖೇಟದಿಂದ ಆಳಿದ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥದಲ್ಲಿ ಭಿನ್ನರಾಶಿಗಳಿಗೆಂದೇ ಕಲಾಸವರ್ಣವೆಂಬ ಅಧ್ಯಾಯವಿದೆ. ಒಂದರ ಅಂಶವನ್ನೂ ಇನ್ನೊಂದರ ಛೇದವನ್ನೂ ಓರೆಯಾಗಿ ಭಾಗಿಸಿ ಚಿಕ್ಕದು ಮಾಡುವುದಕ್ಕೆ ಆತನು ವಜ್ರಾಪವರ್ತನವೆಂದು ಹೆಸರಿಟ್ಟಿದ್ದಾನೆ. ಆತನ ಉದಾಹರಣೆಯು ಒಣಶುಂಠಿಯ ಬೆಲೆಯದು: ಒಂದು ಪಲಕ್ಕೆ ೪/೯ ಪಣವಾದರೆ ೩/೮ ಪಲಕ್ಕೆ ಎಷ್ಟು? ಮೂರು ಒಂಬತ್ತನ್ನು ಕತ್ತರಿಸುತ್ತದೆ, ನಾಲ್ಕು ಎಂಟನ್ನು ಕತ್ತರಿಸುತ್ತದೆ. ಉಳಿಯುವುದು ೧/೬ ಪಣ. ಸಾವಿರವರ್ಷಕ್ಕೂ ಹಿಂದಿನ ಆಚಾರ್ಯನು ಲೆಕ್ಕ ಕಲಿಸುವುದಕ್ಕೆ ಅಂಗಡಿಯ ಶುಂಠಿಯನ್ನು ತಂದಿರುವಾಗ, ನಾವು ಅಡಿಗೆಮನೆಯ ಅಕ್ಕಿಯನ್ನು ತರಲು ಸಂಕೋಚಪಡಬೇಕಾದುದಿಲ್ಲ.

ಮನೆಯಲ್ಲಿ ಮಾಡಿಸಲು ಮೂರು ಲೆಕ್ಕಗಳನ್ನು ಕೊಡುತ್ತೇವೆ. ಮುಕ್ಕಾಲು ಲೀಟರು ಹಾಲಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಪಾಯಸಕ್ಕೆ ಹಾಕಿದರೆ ಹಾಕಿದ್ದೆಷ್ಟು? ಗಂಟೆಗೆ ನಾಲ್ಕೂವರೆ ಕಿಲೋಮೀಟರು ನಡೆಯುವವನು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ, ಎಂದರೆ ೧ ೧/೩ ಗಂಟೆಯಲ್ಲಿ, ಎಷ್ಟು ದೂರ ಹೋಗುತ್ತಾನೆ? ಪ್ರತಿಯೊಂದು ಮಗ್ಗುಲೂ ಒಂದೂಕಾಲು ಮೀಟರಿರುವ ಚೌಕದ ಬಟ್ಟೆಯು ಎಷ್ಟು ಚದರ ಮೀಟರು? ಉತ್ತರಗಳು ಕ್ರಮವಾಗಿ ಅರ್ಧ ಲೀಟರು, ಆರು ಕಿಲೋಮೀಟರು, ೧ ೯/೧೬ ಚದರ ಮೀಟರು. ಮೂರನೆಯದಕ್ಕೆ ಮಗುವು ೧ ೧/೧೬ ಎಂದರೆ ಕೋಪಿಸಿಕೊಳ್ಳಬೇಡಿರಿ. ಒಂದು ಚೌಕವನ್ನು ಬರೆಯಿಸಿ, ಅಂಚುಗಳೆಲ್ಲಿ ಹೋದುವೆಂದು ಕೇಳಿರಿ.

ನಮ್ಮ ತಮ್ಮನ ಮಗಳು ರಜೆ ಮುಗಿಸಿ ಊರಿಗೆ ಹೊರಡುವಾಗ ಅಜ್ಜಿಯನ್ನು ಕೇಳಿ ಅರೆಪಾವನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಅಡಿಗೆಮನೆಯಲ್ಲಿ ಅದರ ಜಾಗವು ಈಗ ಬರಿದಾಗಿದೆ. ಅದನ್ನು ಕಂಡಾಗಲೆಲ್ಲ, ಮಕ್ಕಳು ತಂದ ಲೆಕ್ಕವನ್ನು ನೋಡುವಾಗ ನಮ್ಮ ನಾಲಗೆಯನ್ನು ಬಿಗಿಹಿಡಿಯಬೇಕೆಂಬ ಎಚ್ಚರಿಕೆಯು ನಮಗೆ ಬರುತ್ತದೆ.