ನಮ್ಮ ಜಿಲ್ಲೆಯ ಕಬ್ಬಿಣ, ಮೊರ್ಮೊನರ ಉಕ್ಕು



ಹೊಸೂರಿನಿಂದ ದಿನವೂ ಬೆಂಗಳೂರಿಗೆ ಓದಲು, ದುಡಿಯಲು ಹೋಗುವವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ಮೊರ್ಮೊನ್ ಸಭೆಯ ಪ್ರಚಾರಕರು ನಿಮಗೆ ಎದುರಾಗಬಹುದು. ಬೆಂಗಳೂರಿನಲ್ಲಿ ತಮ್ಮದೊಂದು ದೇವಾಲಯ ಕಟ್ಟುವುದಾಗಿ ಆ ಸಭೆ 2018ರಲ್ಲಿ ಘೋಷಿಸಿತು. ಯೇಸುಕ್ರಿಸ್ತರ ಬಗ್ಗೆ ಇನ್ನೊಂದು ಸಾಕ್ಷಿ ಎಂದು ಹೇಳಿ ಅವರು ‘ಮೊರ್ಮೊನ್ ಗ್ರಂಥ’ವನ್ನು ಕೈಗಿಡುತ್ತಾರೆ. ಅವರೊಡನೆ ಮರ್ಯಾದೆಯಿಂದಲೇ ಮಾತಾಡಿ. ಆದರೆ ಒಂದು ಪ್ರಶ್ನೆ ಕೇಳದೆ ಬಿಡಬೇಡಿ: ಈ ಪುಸ್ತಕ ಹೇಳುವ ಚರಿತ್ರೆಗೆ ಮಣ್ಣಿನಲ್ಲಿ ಗುರುತೇನಿದೆ?

ಜೋಸೆಫ್ ಸ್ಮಿತ್ ಎಂಬಾತ 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನು ಅಚ್ಚು ಹಾಕಿಸಿದ. ಚಿನ್ನದ ತಗಡುಗಳಿಂದ ಅನುವಾದಿಸಿದೆ ಎಂದ. ಕ್ರಿ.ಪೂ. 600ರ ಸುಮಾರಿಗೆ ಜೆರುಸಲೇಮಿನಿಂದ ಹಡಗಿನಲ್ಲಿ ಹೋದ ಕುಟುಂಬಗಳು ಅಮೆರಿಕದಲ್ಲಿ ದೊಡ್ಡ ಜನಾಂಗಗಳಾಗಿ ಬೆಳೆದವಂತೆ. ಅವರಿಗೆ ಉಕ್ಕು, ಕುದುರೆ, ರಥ ಎಲ್ಲವೂ ಇದ್ದವಂತೆ. ಕ್ರಿ.ಶ. 385ರ ಸುಮಾರಿನ ಒಂದೇ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರಂತೆ. ಇದನ್ನು ಸಾಮತಿಯಾಗಿ ಹೇಳಿಲ್ಲ, ನಡೆದ ಸಂಗತಿ ಎಂದೇ ಹೇಳಿದೆ. ನಡೆದ ಸಂಗತಿಯಾದರೆ ಪರೀಕ್ಷೆಗೆ ಒಳಪಡಲೇಬೇಕು.

ಪರೀಕ್ಷೆ ಹೇಗೆ? ಗಿಡ, ಮರ, ಪ್ರಾಣಿ ಎಲ್ಲದರಲ್ಲೂ ಕಾರ್ಬನ್-14 ಇರುತ್ತದೆ. ಜೀವ ಹೋದ ಮೇಲೆ ಅದು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಉಳಿದದ್ದನ್ನು ಅಳೆದರೆ ಇದ್ದಿಲು, ಮೂಳೆ, ಕಾಳುಗಳ ವಯಸ್ಸು ಸಿಗುತ್ತದೆ. ಅದೇ ಪದರದಲ್ಲಿ ಸಿಕ್ಕ ವಸ್ತುವಿನ ಕಾಲವೂ ತಿಳಿಯುತ್ತದೆ. ನಮ್ಮ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಹೀಗೆಯೇ ಆಯಿತು. ಅಲ್ಲಿ ಕಬ್ಬಿಣ ಬಳಸಿದ ಕಾಲ ಕ್ರಿ.ಪೂ. 2172ರವರೆಗೆ ಹೋಗುತ್ತದೆ ಎಂದು ತಮಿಳುನಾಡು ಸರ್ಕಾರ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಇದೇ ವಿಧಾನಗಳಿಂದ ಅಮೆರಿಕದ ಮಣ್ಣನ್ನೂ ದಶಕಗಳಿಂದ ಪರೀಕ್ಷಿಸಿದ್ದಾರೆ. ಅಲ್ಲಿನ ಕಾಡು ಕುದುರೆಗಳು ಸುಮಾರು 10,000 ವರ್ಷಗಳ ಹಿಂದೆಯೇ ಅಳಿದವು. ಮತ್ತೆ ಕುದುರೆ ಬಂದದ್ದು ಕೊಲಂಬಸನ ಕಾಲದ ಸ್ಪೇನಿನವರ ಜೊತೆ. ಆ ಗ್ರಂಥ ಹೇಳುವ ಕಾಲದ್ದೆಂದು ಖಚಿತವಾದ ಉಕ್ಕಿನ ಕುಲುಮೆ ಒಂದೂ ಸಿಕ್ಕಿಲ್ಲ.

‘ಕಬ್ಬಿಣ ತುಕ್ಕು ಹಿಡಿದು ಹೋಗಿರಬಹುದು’ ಎನ್ನುತ್ತಾರೆ. ಕತ್ತಿ ತುಕ್ಕು ಹಿಡಿಯಬಹುದು. ಕುಲುಮೆಯ ಸುಟ್ಟ ಮಣ್ಣು, ಕಿಟ್ಟ, ಇದ್ದಿಲು ಎಲ್ಲಿ ಹೋದವು? ‘ಇನ್ನೂ ಅಗೆಯಬೇಕು’ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಯೂರೋಪಿನ ವೈಕಿಂಗರ ಒಂದು ಸಣ್ಣ ಬಿಡಾರವಿತ್ತು. ಅವರು ಬಹುಕಾಲ ಅಲ್ಲಿರಲಿಲ್ಲ. ಆದರೂ ಅವರ ಕಬ್ಬಿಣದ ಕಿಟ್ಟ ಸಿಕ್ಕಿತು. ಲೋಹದ ಆಯುಧದಿಂದ ಅವರು ಮರ ಕಡಿದದ್ದು ಕ್ರಿ.ಶ. 1021ರಲ್ಲಿ ಎಂದು ವರ್ಷವನ್ನೇ ಹೇಳಲು ವಿಜ್ಞಾನಿಗಳಿಗೆ ಸಾಧ್ಯವಾಯಿತು. ಒಂದು ಬಿಡಾರದ ಗುರುತು ಉಳಿದಿರುವಾಗ, ಸಾವಿರ ವರ್ಷ ಬಾಳಿದ ಜನಾಂಗಗಳ ಗುರುತು ಹೇಗೆ ಅಳಿಯಿತು?

ಈಗ ನಮ್ಮ ಕಡೆಗೆ ಬರೋಣ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಇಟ್ಟುಕೊಳ್ಳುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ ಯೇಸುಸ್ವಾಮಿಯ ಜನನಕ್ಕಿಂತ ಹಳೆಯದೆಂದು ಕಾರ್ಬನ್ ಪರೀಕ್ಷೆ ತೋರಿಸಿತು. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಸೆಜರೇಯದಲ್ಲಿ ಸಿಕ್ಕಿತು. ಇವನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಜೆರಿಕೊ ಪಟ್ಟಣ ಕ್ರಿ.ಪೂ. 1550ರ ಸುಮಾರಿಗೇ ನಾಶವಾಗಿತ್ತೆಂದು ಕ್ಯಾಥ್ಲೀನ್ ಕೆನ್ಯನ್ ಹೇಳಿದರು. ಯೆಹೋಶುವನ ಕಾಲಕ್ಕೆ ಅದು ಹೊಂದುವುದಿಲ್ಲ. ಟ್ಯೂರಿನ್ನಿನ ಶವವಸ್ತ್ರದ ಕಾಲ 1260ರಿಂದ 1390 ಎಂದು 1988ರ ಪರೀಕ್ಷೆ ಹೇಳಿತು. ಇವನ್ನೂ ಅಷ್ಟೇ ಧೈರ್ಯದಿಂದ ನಮ್ಮ ಮಕ್ಕಳಿಗೆ ಹೇಳಬೇಕು.

ಕಾರ್ಬನ್ ಪರೀಕ್ಷೆ ದೇವರನ್ನು ಅಳೆಯಲಾರದು. ದೇವರ ಹೆಸರಿನಲ್ಲಿ ಮನುಷ್ಯ ಹೇಳಿದ ಚರಿತ್ರೆಯನ್ನು ಅಳೆಯಬಲ್ಲದು. ಕ್ರಿಸ್ತರು ಪುನರುತ್ಥಾನರಾಗದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಹಾಗೆ ನಡೆದ ಸಂಗತಿಯ ಮೇಲೆ ನಿಂತ ವಿಶ್ವಾಸ ಪ್ರಶ್ನೆಗೆ ಹೆದರಬಾರದು. ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಚಕ್ರ ಸಿಕ್ಕಿತು, ನೋಹನ ನಾವೆ ಸಿಕ್ಕಿತು ಎಂಬ ವಾಟ್ಸಾಪ್ ಸಂದೇಶ ಬಂದಾಗ ಮೊರ್ಮೊನರಿಗೆ ಕೇಳಿದ ಪ್ರಶ್ನೆಯನ್ನೇ ಕೇಳಿ: ಯಾರು ಅಗೆದರು? ಯಾವ ಪದರದಲ್ಲಿ ಸಿಕ್ಕಿತು? ಕಾಲ ಅಳೆದವರು ಯಾರು? ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.