ತೀವ್ರ ಅಸ್ವಸ್ಥ ರೋಗಿಗಳಲ್ಲಿ ಕೆಥೆಟರ್ ಮೂಲಕ ಹೃದಯ ಕವಾಟ ದುರಸ್ತಿ: ಫಲಿತಾಂಶಗಳ ಅವಲೋಕನ ಹಾಗೂ ಅರ್ಜಿದಾರರಿಗೆ ಮಾಹಿತಿ

ಹೃದಯದ ಕವಾಟ ಕೆಟ್ಟು ತೀವ್ರ ನಿಗಾ ಘಟಕಕ್ಕೆ ದಾಖಲಾದ ರೋಗಿಗಳಿಗೆ ಎದೆಯನ್ನು ತೆರೆಯದೆಯೇ ಚಿಕಿತ್ಸೆ ನೀಡುವ ವಿಧಾನವೊಂದು ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ತೊಡೆಸಂದಿನ ರಕ್ತನಾಳದ ಮೂಲಕ ಕೆಥೆಟರ್ ಎಂಬ ತೆಳುವಾದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ ಕವಾಟವನ್ನು ದುರಸ್ತಿಗೊಳಿಸುವುದೇ ಈ ವಿಧಾನ. ರೋಗಿಯ ಕುಟುಂಬದವರು ಅತ್ಯಲ್ಪ ಕಾಲಾವಕಾಶದಲ್ಲಿ, ಭಾರಿ ವೆಚ್ಚದ ನಿರ್ಧಾರವನ್ನು ಕೈಗೊಳ್ಳಬೇಕಾದ ಸಂದರ್ಭ ಇದಾಗಿರುವುದರಿಂದ, ಸದರಿ ಚಿಕಿತ್ಸೆಯ ಸ್ವರೂಪ, ಪ್ರಕಟಿತ ಫಲಿತಾಂಶಗಳ ಅರ್ಥ ಮತ್ತು ನೆರವು ಕೋರುವವರು ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಚಿಕಿತ್ಸೆಯ ಸ್ವರೂಪ

ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟವು ಎರಡು ಎಸಳುಗಳಿಂದ ಕೂಡಿದೆ. ಈ ಎಸಳುಗಳು ಸರಿಯಾಗಿ ಮುಚ್ಚದಿದ್ದಲ್ಲಿ ರಕ್ತವು ಹಿಮ್ಮುಖವಾಗಿ ಸೋರಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯಾಘಾತದ ನಂತರ ಕವಾಟವನ್ನು ಹಿಡಿದಿಡುವ ಸ್ನಾಯು ಹರಿದಲ್ಲಿ ಈ ಸ್ಥಿತಿಯು ಕೆಲವೇ ಗಂಟೆಗಳಲ್ಲಿ ಉಂಟಾಗಬಹುದು. ರಕ್ತದೊತ್ತಡ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುವ ಈ ಅವಸ್ಥೆಯನ್ನು ವೈದ್ಯರು ಕಾರ್ಡಿಯೋಜೆನಿಕ್ ಶಾಕ್ ಎಂದು ಕರೆಯುತ್ತಾರೆ.

ಸ್ನಾಯು ಹರಿದ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ. ಆದರೆ ವಯಸ್ಸು, ಮೂತ್ರಪಿಂಡದ ವೈಫಲ್ಯ ಅಥವಾ ಹೃದಯದ ತೀವ್ರ ದೌರ್ಬಲ್ಯದ ಕಾರಣ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳಿಗೆ ಕ್ಲಿಪ್ ವಿಧಾನವನ್ನು ಪರಿಗಣಿಸಲಾಗುತ್ತದೆ. ಎರಡೂ ಎಸಳುಗಳ ಅಂಚನ್ನು ನಡುವೆ ಹೊಲಿಗೆಯಿಂದ ಕೂಡಿಸುವ ಕ್ರಮವನ್ನು ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೋ ಆಲ್ಫಿಯೇರಿ ಅವರು 1990ರ ದಶಕದಲ್ಲಿ ರೂಢಿಗೆ ತಂದರು. ಅದೇ ಕೆಲಸವನ್ನು ಕ್ಲಿಪ್ಪಿನಿಂದ ಮಾಡುವ ಮೈಟ್ರಾಕ್ಲಿಪ್ ಸಾಧನಕ್ಕೆ ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಅನುಮತಿ ದೊರೆಯಿತು. ಚಿಕಿತ್ಸೆಯ ವೇಳೆ ಹೃದಯವು ಬಡಿಯುತ್ತಲೇ ಇರುತ್ತದೆ. ಹೃದಯ-ಶ್ವಾಸಕೋಶ ಯಂತ್ರದ ಅಗತ್ಯವಿರುವುದಿಲ್ಲ. ಗುಜರಾತಿನ ವಾಪಿಯ ಮೆರಿಲ್ ಸಂಸ್ಥೆಯು 2025ರಲ್ಲಿ ಇದೇ ಬಗೆಯ ದೇಶೀಯ ಕ್ಲಿಪ್ಪನ್ನು ಬಿಡುಗಡೆ ಮಾಡಿದೆ.

2. ಫಲಿತಾಂಶಗಳ ಅವಲೋಕನ

2018ರಲ್ಲಿ ಪ್ರಕಟವಾದ ಕೋಆಪ್ಟ್ ಅಧ್ಯಯನದಲ್ಲಿ ಹೃದಯ ವೈಫಲ್ಯವಿದ್ದ 614 ರೋಗಿಗಳು ಭಾಗವಹಿಸಿದ್ದರು. ಎರಡು ವರ್ಷಗಳಲ್ಲಿ ಮರಣ ಪ್ರಮಾಣವು ಔಷಧಿ ಮಾತ್ರ ಪಡೆದವರಲ್ಲಿ ಶೇಕಡ 46.1 ಇದ್ದರೆ, ಔಷಧಿಯೊಂದಿಗೆ ಕ್ಲಿಪ್ ಪಡೆದವರಲ್ಲಿ ಶೇಕಡ 29.1 ಇತ್ತು. ಅದೇ ವರ್ಷ ಫ್ರಾನ್ಸಿನಲ್ಲಿ 304 ರೋಗಿಗಳ ಮೇಲೆ ನಡೆದ ಮೈಟ್ರಾ-ಎಫ್‌ಆರ್ ಅಧ್ಯಯನದಲ್ಲಿ ಇಂತಹ ಪ್ರಯೋಜನ ಕಂಡುಬರಲಿಲ್ಲ. ಮೊದಲನೆಯ ಅಧ್ಯಯನದ ರೋಗಿಗಳಲ್ಲಿ ಸೋರಿಕೆ ಹೆಚ್ಚಾಗಿದ್ದು, ಹೃತ್ಕುಕ್ಷಿಯ ಹಿಗ್ಗುವಿಕೆ ಕಡಿಮೆ ಇತ್ತೆಂಬುದು ಈ ವ್ಯತ್ಯಾಸಕ್ಕೆ ತಜ್ಞರು ನೀಡುವ ಪ್ರಮುಖ ವಿವರಣೆ. ಅಂದರೆ, ತೊಂದರೆಯ ಮೂಲ ಕವಾಟದಲ್ಲಿದ್ದಲ್ಲಿ ಕ್ಲಿಪ್ಪಿನಿಂದ ಪ್ರಯೋಜನ ಹೆಚ್ಚು. ಹೃದಯದ ಸ್ನಾಯುವೇ ದುರ್ಬಲವಾಗಿದ್ದಲ್ಲಿ ಕಡಿಮೆ.

ಕೋಆಪ್ಟ್ ಅಧ್ಯಯನದಿಂದ, ರಕ್ತದೊತ್ತಡ ಕಾಯ್ದುಕೊಳ್ಳಲು ಔಷಧಿಯ ಅಥವಾ ಯಂತ್ರದ ಆಸರೆ ಬೇಕಿದ್ದ ರೋಗಿಗಳನ್ನು ಹೊರಗಿಡಲಾಗಿತ್ತು ಎಂಬುದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು. ಆದುದರಿಂದ ಸದರಿ ಅಂಕಿಅಂಶಗಳನ್ನು ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಶಾಕ್ ಸ್ಥಿತಿಯಲ್ಲಿದ್ದ 3,797 ರೋಗಿಗಳ ಅಮೆರಿಕದ ದಾಖಲೆಗಳನ್ನು ಪರಿಶೀಲಿಸಿದ ವರದಿಯು 2022ರಲ್ಲಿ ಪ್ರಕಟವಾಯಿತು. ಅದರಂತೆ ಶೇಕಡ 85.6ರಷ್ಟು ರೋಗಿಗಳಲ್ಲಿ ಕ್ಲಿಪ್ ಅಳವಡಿಕೆ ಯಶಸ್ವಿಯಾಗಿತ್ತು. ಯಶಸ್ವಿಯಾದವರಲ್ಲಿ ಒಂದು ವರ್ಷದೊಳಗಿನ ಮರಣ ಪ್ರಮಾಣ ಶೇಕಡ 34.6, ವಿಫಲವಾದವರಲ್ಲಿ ಶೇಕಡ 55.5. ಇಲ್ಲಿ ಹೋಲಿಸಿರುವುದು ಚಿಕಿತ್ಸೆ ಪಡೆದವರನ್ನು ಪಡೆಯದವರೊಂದಿಗೆ ಅಲ್ಲ. ಎರಡೂ ಗುಂಪಿನವರು ಚಿಕಿತ್ಸೆ ಪಡೆದವರೇ. ಕವಾಟದ ರಚನೆ ಅನುಕೂಲವಾಗಿದ್ದವರಲ್ಲಿ ಅಳವಡಿಕೆಯೂ ಸುಲಭ, ಚೇತರಿಕೆಯೂ ಸುಲಭ ಇದ್ದಿರಬಹುದು. ಆದ್ದರಿಂದ ಕ್ಲಿಪ್ ಹಾಕಿಸಿದಲ್ಲಿ ನೂರಕ್ಕೆ ಇಪ್ಪತ್ತು ಜೀವಗಳು ಹೆಚ್ಚಾಗಿ ಉಳಿಯುತ್ತವೆ ಎಂದು ಈ ವರದಿಯಿಂದ ತೀರ್ಮಾನಿಸಲಾಗದು. ಚಿಕಿತ್ಸೆ ಯಶಸ್ವಿಯಾದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳು ವರ್ಷದೊಳಗೆ ಮರಣ ಹೊಂದಿದ್ದಾರೆ ಎಂಬುದನ್ನು ಮನಗಾಣಬೇಕು.

3. ರುಮ್ಯಾಟಿಕ್ ಕವಾಟ ರೋಗ: ಪ್ರತ್ಯೇಕ ಚಿಕಿತ್ಸೆ

ನಮ್ಮ ದೇಶದಲ್ಲಿ ಬಾಲ್ಯದ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟವು ಕಿರಿದಾಗುವ ಪ್ರಕರಣಗಳು ಇಂದಿಗೂ ಇವೆ. ಗರ್ಭಿಣಿಯರಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡಬಲ್ಲದು. ಇಂತಹ ಕವಾಟಕ್ಕೆ ಕ್ಲಿಪ್ ಹಾಕಿದಲ್ಲಿ ದಾರಿ ಮತ್ತಷ್ಟು ಕಿರಿದಾಗುವುದರಿಂದ, ಬಲೂನಿನಿಂದ ಅದನ್ನು ಹಿಗ್ಗಿಸಲಾಗುತ್ತದೆ. ಜಪಾನಿನ ಕಾಂಜಿ ಇನೋಯೆ ಅವರು 1980ರ ದಶಕದಲ್ಲಿ ರೂಪಿಸಿದ ಈ ಚಿಕಿತ್ಸೆಯು ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಹುಕಾಲದಿಂದ ಲಭ್ಯವಿದೆ. ಎರಡೂ ಕೆಥೆಟರ್ ಚಿಕಿತ್ಸೆಗಳೇ ಆದರೂ ಒಂದಕ್ಕೆ ಮತ್ತೊಂದು ಬದಲಿಯಲ್ಲ.

4. ವೈದ್ಯರಿಂದ ತಿಳಿದುಕೊಳ್ಳಬೇಕಾದ ಅಂಶಗಳು

ಅ) ರೋಗಿಯ ಗಂಭೀರ ಸ್ಥಿತಿಗೆ ಕವಾಟದ ಸೋರಿಕೆಯೇ ಮುಖ್ಯ ಕಾರಣವೇ?
ಆ) ಅನ್ನನಾಳದ ಮೂಲಕ ಮಾಡುವ ಎಕೋ ಪರೀಕ್ಷೆಯಲ್ಲಿ ಕವಾಟದ ರಚನೆ ಕ್ಲಿಪ್ಪಿಗೆ ಯೋಗ್ಯವೆಂದು ಕಂಡುಬಂದಿದೆಯೇ?
ಇ) ಹೃದಯ ಶಸ್ತ್ರವೈದ್ಯರ ಅಭಿಪ್ರಾಯವನ್ನು ಪಡೆಯಲಾಗಿದೆಯೇ?
ಈ) ಎಷ್ಟು ಕ್ಲಿಪ್ಪುಗಳು ಬೇಕಾಗಬಹುದು? ಒಂದಕ್ಕಿಂತ ಹೆಚ್ಚು ಬೇಕಾದಲ್ಲಿ ಒಟ್ಟು ವೆಚ್ಚವೆಷ್ಟು?

5. ನೆರವು ಕೋರುವವರಿಗೆ ಸೂಚನೆಗಳು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಯು ನಿಗದಿತ ಪಟ್ಟಿ ಮತ್ತು ಪ್ಯಾಕೇಜು ದರಗಳಿಗೆ ಒಳಪಟ್ಟಿರುತ್ತದೆ. ವೈದ್ಯರು ಸೂಚಿಸಿದ ನಿರ್ದಿಷ್ಟ ವಿಧಾನವು ಪಟ್ಟಿಯಲ್ಲಿ ಇದೆಯೇ ಎಂಬುದನ್ನು, ಹಣ ಪಾವತಿಸುವ ಮುನ್ನವೇ, ಆಸ್ಪತ್ರೆಯ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಬಲೂನ್ ಚಿಕಿತ್ಸೆಗೆ ದೊರೆತ ಮಂಜೂರಾತಿಯು ಕ್ಲಿಪ್ ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ರೋಗಿಯ ಪಡಿತರ ಚೀಟಿ ಹಾಗೂ ಆಧಾರ್ ಸಂಖ್ಯೆಯನ್ನು ದಾಖಲಾತಿಯ ವೇಳೆಯಲ್ಲಿಯೇ ಒದಗಿಸಿದಲ್ಲಿ ವಿಳಂಬವನ್ನು ತಪ್ಪಿಸಬಹುದು. ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ ನೆರವು ಕೋರಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದರೆ ಪೂರ್ಣ ವೆಚ್ಚ ದೊರೆಯುವುದೆಂದು ಭಾವಿಸಿ ಸಾಲ ಮಾಡುವುದು ಸೂಕ್ತವಲ್ಲ.

ಒಟ್ಟಾರೆ ಹೇಳುವುದಾದರೆ, ಶಸ್ತ್ರಚಿಕಿತ್ಸೆಯ ದಾರಿ ಮುಚ್ಚಿದ ಕೆಲವು ರೋಗಿಗಳಿಗೆ ಈ ವಿಧಾನವು ನಿಜವಾದ ಅವಕಾಶವನ್ನು ಕಲ್ಪಿಸಿದೆ. ಆ ಅವಕಾಶದ ಪ್ರಮಾಣವು ಸೂಕ್ತ ರೋಗಿಯ ಆಯ್ಕೆಯನ್ನು ಅವಲಂಬಿಸಿದೆ. ಎದೆ ತೆರೆಯುವುದಿಲ್ಲವೆಂದ ಮಾತ್ರಕ್ಕೆ ಇದನ್ನು ಸಣ್ಣ ಚಿಕಿತ್ಸೆಯೆಂದಾಗಲೀ, ವೆಚ್ಚ ಹೆಚ್ಚೆಂದ ಮಾತ್ರಕ್ಕೆ ಖಚಿತ ಚಿಕಿತ್ಸೆಯೆಂದಾಗಲೀ ಭಾವಿಸದೆ, ಮೇಲ್ಕಂಡ ಅಂಶಗಳನ್ನು ವೈದ್ಯರೊಂದಿಗೆ ಚರ್ಚಿಸಿ ನಿರ್ಧಾರ ಕೈಗೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.