ಹಗ್ಗದ ಆಚೆ ತುದಿ

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಗೆ ಹೋದರೆ ನಾನು ವ್ಯಾಪಾರದ ಕಡೆ ಸುಳಿಯುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸುವ ಬೆಲೆ ಸಂಬಳದವನ ತಲೆಗೆ ಹತ್ತುವಂಥದ್ದಲ್ಲ. ನೇರವಾಗಿ ಎತ್ತಿಗೆ ಲಾಳ ಕಟ್ಟುವವರ ಹತ್ತಿರ ಹೋಗಿ ನಿಲ್ಲುತ್ತೇನೆ. ಮೈಸುತ್ತ ಹಗ್ಗ ಬಿಗಿದು, ಕಾಲಿಗೊಂದು ಕುಣಿಕೆ ಹಾಕಿ ಹದವರಿತು ಎಳೆದರೆ ಅಷ್ಟು ದೊಡ್ಡ ಎತ್ತು ಮೊಣಕಾಲೂರಿ, ಬುಸ್ಸೆಂದು ಉಸಿರು ಬಿಟ್ಟು ಮಗ್ಗುಲಾಗುತ್ತದೆ. ಮಲಗಿಸಿದ ಮೇಲೆ ತಡಮಾಡುವಂತಿಲ್ಲ, ಹೊಟ್ಟೆ ಉಬ್ಬರಿಸೀತು.

ಒಂದು ವರ್ಷ ಕಸುಬು ಕಲಿಯಲು ಬಂದಿದ್ದ ಹುಡುಗನೊಬ್ಬ ಗಂಟಿನ ಮೇಲೇ ಬಗ್ಗಿ ನಿಂತಿದ್ದ. ಲಾಳ ಕಟ್ಟುವ ಮುದುಕ ಗದರಿದ: "ಗಂಟೇನ್ ನೋಡ್ತೀಯ, ಅದರ ಕಿವಿ ನೋಡ್ಲಾ!"

ಆ ಗದರಿಕೆ ನೆನಪಾದದ್ದು ಜಪಾನಿನ ಶಿಬಾರಿಯ ಬಗ್ಗೆ ಓದುವಾಗ. ಒಪ್ಪಿದ ವಯಸ್ಕರಿಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಹಗ್ಗದಲ್ಲಿ ಕಟ್ಟುವ ಕಲೆ ಅದು. ಓದುಗರು ಹುಬ್ಬೇರಿಸಬಹುದು, ಏರಿಸಲಿ. ಹಿಂದೆ ಜಪಾನಿನ ಎದೋ ಕಾಲದಲ್ಲಿ ಕೈದಿಗಳನ್ನು ಕಟ್ಟಲು ಹೊಜೊಜುತ್ಸು ಎಂಬ ವಿದ್ಯೆಯಿತ್ತು. ಕೈದಿಯ ಅಂತಸ್ತಿಗೆ ತಕ್ಕಂತೆ ಕಟ್ಟಿನ ವಿನ್ಯಾಸ ಬದಲಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಇತೊ ಸೇಯು (1882–1961) ಎಂಬ ಚಿತ್ರಕಾರನ ಕೈಯಲ್ಲಿ ಅದು ಶೃಂಗಾರದ ಕಡೆ ಹೊರಳಿತು. ಈಗ ಬಳಸುವುದು ಸಾಮಾನ್ಯವಾಗಿ ಏಳೆಂಟು ಮೀಟರಿನ, 6 ಮಿಲಿಮೀಟರ್ ದಪ್ಪದ ಸೆಣಬಿನ ಹಗ್ಗ. ನಮ್ಮ ಗುಬ್ಬಿ ಕಡೆಯ ತೆಂಗಿನ ನಾರಿನ ಹಗ್ಗವಾದರೆ ಶೃಂಗಾರಕ್ಕಿಂತ ಮೊದಲು ಚರ್ಮ ಕಿತ್ತುಬರುತ್ತಿತ್ತು.

ಗುರು ಬಿಡಿಸಿ ಹೇಳದಿದ್ದರೆ ಶಿಷ್ಯ ನೋಡಿ ಕದಿಯಬೇಕು ಎನ್ನುವುದು ಜಪಾನಿನ ಕಸುಬುಗಳಲ್ಲಿ ಹಳೆಯ ಮಾತು. ಆದರೆ ಹಗ್ಗದ ವಿಚಾರದಲ್ಲಿ ಈ ಕಳ್ಳತನ ಅಪಾಯದ್ದು. ಎಲ್ಲಿ ಸುತ್ತಿದರು, ಎಲ್ಲಿ ತೂರಿಸಿದರು ಎಂಬುದು ಕಣ್ಣಿಗೆ ಬೀಳುತ್ತದೆ. ಎಷ್ಟು ಬಿಗಿದರು ಎಂಬುದು ಬೀಳುವುದಿಲ್ಲ. ಮೇಲ್ತೋಳಿನ ಮೂಳೆಯನ್ನು ಬಳಸಿ ಇಳಿಯುವ ನರವೊಂದಿದೆ. ಹಗ್ಗ ಅದನ್ನು ಒತ್ತಿದರೆ ಮಣಿಕಟ್ಟು ಜೋತುಬೀಳುತ್ತದೆ, ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೇ ಪಳಗಿದವರು ಕಟ್ಟಿಸಿಕೊಂಡವರ ಬೆರಳಾಡುತ್ತಿದೆಯೇ, ಉಸಿರಾಟ ಹೇಗಿದೆ ಎಂದು ನೋಡುತ್ತಲೇ ಇರುತ್ತಾರೆ, ಕತ್ತರಿಯನ್ನು ಕೈಗೆಟಕುವಲ್ಲಿ ಇಟ್ಟುಕೊಂಡಿರುತ್ತಾರೆ. ಅಲ್ಲಿ ಕಟ್ಟಿಸಿಕೊಂಡವರು ಸಾಕು ಎಂದರೆ ಹಗ್ಗ ಬಿಚ್ಚಲೇಬೇಕು. ಎತ್ತಿಗೆ ಆ ಭಾಗ್ಯವಿಲ್ಲ. ಅದರ ಒಪ್ಪಿಗೆಯನ್ನು ಯಾರೂ ಕೇಳಿದವರಲ್ಲ. ತನ್ನ ಪಾಡು ಹೇಳಲು ಅದಕ್ಕೆ ಇರುವುದೊಂದು ಕಿವಿ.

ಬಿಚ್ಚುವ ಮಾತು ಬಂದರೆ ನೆನಪಾಗುವುದು ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಕುಣಿಗಲ್. ಕುದುರೆ ಕಟ್ಟುವವರು ಕಗ್ಗಂಟು ಹಾಕುವುದಿಲ್ಲ. ತುದಿ ಹಿಡಿದು ಜಗ್ಗಿದರೆ ಬಿಚ್ಚಿಹೋಗುವ ಗಂಟು ಹಾಕುತ್ತಾರೆ. ಬೆದರುವ ಪ್ರಾಣಿಗೆ ಹಾಕುವ ಗಂಟಿನಲ್ಲಿ ಬಿಚ್ಚುವ ದಾರಿಯೂ ಇರಬೇಕು.

ನೋಡಿ ಕಲಿಯುವುದೆಂದರೆ ಈ ಸೀಮೆಯವನಿಗೆ ಗುಬ್ಬಿ ಕಂಪನಿ ನೆನಪಾಗದೆ ಇರದು. 1884ರಲ್ಲಿ ಹುಟ್ಟಿದ ಆ ನಾಟಕ ಕಂಪನಿಗೆ ವೀರಣ್ಣನವರು ಸೇರಿದ್ದೇ ಬಾಲಕನಾಗಿ. ಮುಂದೆ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರೂ, ತಂದೆಯ ಜೊತೆಗಿದ್ದ ಮುತ್ತುರಾಜನೆಂಬ ರಾಜ್‌ಕುಮಾರರೂ ಅಲ್ಲೇ ಪಳಗಿದರು. ಕಂಪನಿ ಹುಡುಗರ ಪಾಠಶಾಲೆ ಸೈಡ್‌ವಿಂಗು. ಟಿಕೆಟ್ ಕೊಂಡವನಿಗೆ ಕಾಣುವುದು ನಟನ ಮುಖ ಮಾತ್ರ. ವಿಂಗಿನಲ್ಲಿ ನಿಂತವನಿಗೆ ನಟನ ಜೊತೆಗೆ ಮುಂದಿನ ಸಾಲಿನವರ ಮುಖಗಳೂ ಕಾಣುತ್ತವೆ: ಯಾವ ಮಾತಿಗೆ ಅವರು ಮುಂದೆ ಬಾಗಿದರು, ಯಾವಾಗ ಕೆಮ್ಮು ಶುರುವಾಯಿತು. ಆ ಜಾಗದಿಂದ ಹಗ್ಗದ ಎರಡೂ ತುದಿ ಕಾಣುತ್ತವೆ.

ಮರುವರ್ಷ ಜಾತ್ರೆಯಲ್ಲಿ ಹಗ್ಗ ಆ ಹುಡುಗನ ಕೈಯಲ್ಲೇ ಇತ್ತು. ಎತ್ತು ಮಲಗಿತು. ಬೀಡಿ ಹಚ್ಚಿ ಕೂತಿದ್ದ ಮುದುಕ ಎತ್ತಿನ ಕಡೆ ತಿರುಗಲೇ ಇಲ್ಲ. ಹುಡುಗನ ಕಣ್ಣು ಎಲ್ಲೆಲ್ಲಿ ಹೋಗುತ್ತದೆಂದೇ ನೋಡುತ್ತಿದ್ದ.